ಮಂಜುಗಡ್ಡೆಯ ಮೇಲಿನ ಕಲ್ಲು

ಅಂದು ಸೋಮವಾರ. ಇಂದ್ರೇಶ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಪ್ರಯೋಗಾಲಯದ ಬೀಗ ತೆಗೆದ. ಕಿಟಕಿಯಾಚೆ ಸುವರ್ಣಾವತಿ ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

ಫ್ರೀಜರಿನ ಬಾಗಿಲು ಬೆರಳು ತೂರುವಷ್ಟು ತೆರೆದಿತ್ತು.

ಶನಿವಾರ ಸಂಜೆ ಬಸ್ಸಿನ ಅವಸರದಲ್ಲಿ ಅದನ್ನು ಮುಚ್ಚಿದವನು ಅವನೇ.

ಒಳಗೆ ಒಂದು ಲೋಟವಿತ್ತು. ಅದು ಅವನ ಗುರು ಗೌರಾಂಬ ಅವರ ಪದ್ಧತಿ. ಲೋಟದ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಹೊಳೆಯ ಕಲ್ಲೊಂದನ್ನು ಇಡುತ್ತಿದ್ದರು. ಯಂತ್ರದ ಅಂಕಿ ಈಗಿನ ಚಳಿಯನ್ನಷ್ಟೇ ಹೇಳುತ್ತದೆ. ಒಳಗಿದ್ದದ್ದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಅದನ್ನು ಕಲ್ಲು ಹೇಳುತ್ತದೆ.

ಕಲ್ಲು ನೀರಿನ ತಳದಲ್ಲಿತ್ತು.

ಲೋಟದ ಹಿಂದೆ ಬೊಮ್ಮಮ್ಮನ ರಕ್ತದ ನಳಿಕೆಗಳಿದ್ದವು.

ಬೊಮ್ಮಮ್ಮ ಕಾಡಂಚಿನ ಪೋಡಿನ, ಅಂದರೆ ಗಿರಿಜನರ ಹಟ್ಟಿಯ, ಮುದುಕಿ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆ ಮೂಳೆಯನ್ನೂ ನೋಯಿಸುವ ಕಾಯಿಲೆ ಅವಳಿಗೆ ಹುಟ್ಟಿನಿಂದ ಇತ್ತು. ಆದರೂ ಅವಳು ನೋವೆಂದು ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಅವಳ ರಕ್ತದಲ್ಲಿರುವ ಯಾವುದೋ ಪ್ರೋಟೀನು ಕಣಗಳನ್ನು ಬಾಗದಂತೆ ಹಿಡಿದಿದೆ ಎಂಬುದು ಗೌರಾಂಬ ಅವರ ಊಹೆ. ಅದು ಸಿಕ್ಕರೆ ಮದ್ದಿಗೆ ದಾರಿ ಸಿಗುತ್ತಿತ್ತು.

ಬೊಮ್ಮಮ್ಮ ಆಷಾಢದಲ್ಲಿ ತೀರಿಕೊಂಡಳು. ಉಳಿದದ್ದು ಆ ನಳಿಕೆಗಳು ಮಾತ್ರ.

ಕರಗಿದರೆ ಪ್ರೋಟೀನು ಕೆಡುತ್ತದೆ. ಮತ್ತೆ ಹೆಪ್ಪುಗಟ್ಟಿದಾಗ ನಳಿಕೆ ಮಾತ್ರ ಮೊದಲಿನಂತೆಯೇ ಕಾಣುತ್ತದೆ.

ಗೌರಾಂಬ ಅಂದು ಮೈಸೂರಿಗೆ ಹೋಗಿದ್ದರು. ಇಂದ್ರೇಶ ಲೋಟಕ್ಕೆ ಬೆರಳು ಹಾಕಿ ಕಲ್ಲನ್ನು ತೆಗೆದು, ಅಂಗಿಗೆ ಒರೆಸಿ, ಜೇಬಿನಲ್ಲಿಟ್ಟುಕೊಂಡ. ಫ್ರೀಜರನ್ನು ಮುಚ್ಚಿದ.

ಮರುದಿನ ಗುರು ಬರುವ ಮೊದಲು ಕಲ್ಲನ್ನು ಗಟ್ಟಿಯಾದ ಮಂಜುಗಡ್ಡೆಯ ಮೇಲಿಟ್ಟ.

ಗೌರಾಂಬ ಬಂದು ಫ್ರೀಜರ್ ತೆರೆದರು. ಲೋಟವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು.

"ಎಲ್ಲ ಸರಿಯಾಗಿದೆಯೇನಯ್ಯ?"

"ಕಲ್ಲು ಮೇಲಿದೆ, ಮೇಡಂ."

"ಹೌದು. ಮೇಲಿದೆ."

ಅವನು ಪರೀಕ್ಷೆ ಮಾಡಿದ. ಏನೂ ಸಿಗಲಿಲ್ಲ. ಸಿಗುವುದಿಲ್ಲ ಎಂದು ತಿಳಿದೇ ಇನ್ನೊಮ್ಮೆ ಮಾಡಿದ.

"ನಾವು ಊಹಿಸಿದ್ದು ಬೊಮ್ಮಮ್ಮನ ರಕ್ತದಲ್ಲಿ ಇಲ್ಲ, ಮೇಡಂ."

"ಹಾಗಾದರೆ ನಾಳೆ ಪೋಡಿಗೆ ಹೋಗೋಣ. ನೀನೇ ಹೇಳಬೇಕು."

ಅದು ಅಲ್ಲಿನ ಇನ್ನೊಂದು ಪದ್ಧತಿ. ಪರೀಕ್ಷೆ ಮಾಡಿದವರೇ ರಕ್ತ ಕೊಟ್ಟ ಮನೆಗೆ ಹೋಗಿ, ಎದುರಿಗೆ ಕೂತು, ಸಿಕ್ಕಿತೋ ಇಲ್ಲವೋ ಹೇಳಿ ಬರಬೇಕು.

"ಫೋನ್ ಮಾಡಿದರೆ ಆಗುವುದಿಲ್ಲವೇ?"

"ರಕ್ತವನ್ನು ಫೋನಿನಲ್ಲಿ ತೆಗೆದುಕೊಂಡೆಯಾ?"

ಮರುದಿನ ಪೋಡಿನಲ್ಲಿ ಬೊಮ್ಮಮ್ಮನ ಮಗಳು ಕೇತಮ್ಮ ಚಾಪೆ ಹಾಸಿ ಟೀ ಕೊಟ್ಟಳು. ಒಳಗೆ ಯಾರೋ ಸಣ್ಣಗೆ ನರಳುತ್ತಿದ್ದರು.

"ನನ್ನ ಮಗಳು ಸಣ್ಣಿ. ನೆನ್ನಯಿಂದ ಮತ್ತ ಅದೇ ಮೂಳೆ ನೋವು ಬಂದದ, ಕಾಲು ಮುಟ್ಟಗೊಡಿಸಲ್ಲ," ಎಂದಳು ಕೇತಮ್ಮ. "ನಮ್ಮವ್ವನ ರಕ್ತ ಏನಾಯ್ತು ಸಾರ್?"

ಇಂದ್ರೇಶ ಟೀ ಲೋಟವನ್ನು ನೋಡಿದ.

"ಏನೂ ಸಿಗಲಿಲ್ಲ."

"ಏನೂ ಇರ್ಲಿಲ್ವ?"

ಅವನು ತಲೆ ಅಲ್ಲಾಡಿಸಿದ.

"ಸಾಯ ಗಂಟ ಹೇಳ್ತಿದ್ಲು," ಎಂದಳು ಕೇತಮ್ಮ. "ನನ್ನ ಮೈಯಾಗ ಸಣ್ಣಿಗ ಮದ್ದದ ಕನವ್ವ, ಆ ಒಣಕಲು ಹುಡುಗ ಹುಡುಕ್ತಾವನ, ಅಂತ. ಸೂಜಿ ಚುಚ್ಚುವಾಗ ನಿಮಗ ಏನಂದ್ಲು, ನೆಪ್ಪದ? ಎಲ್ಲಾನೂ ಎಳ್ಕಬ್ಯಾಡ ಕಂದ, ಮಗಳ ಜೊತ ಜಗಳಾಡಕ್ಕ ಒಸಿ ಬುಡು, ಅಂತ."

"ನೆನಪಿದೆ."

ಕೇತಮ್ಮ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಲಿ ಬುಡಿ ಸಾರ್. ಮುದುಕಿ ಸುಮ್ಮನ ಜಂಬ ಕೊಚ್ಚಿಕೊಂಡ್ಲು."

ಇಂದ್ರೇಶ ಲೋಟವನ್ನು ಕೆಳಗಿಟ್ಟ. ಗುರುಗಳ ಕಡೆ ನೋಡಿದ. ಅವರು ಅಂಗಳದ ಕೋಳಿಗಳನ್ನು ನೋಡುತ್ತಿದ್ದರು.

"ಜಂಬ ಅಲ್ಲ," ಎಂದ. "ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ರಕ್ತವನ್ನು ನಾನು ಕೆಡಿಸಿದೆ. ಬಾಗಿಲು ಸರಿಯಾಗಿ ಮುಚ್ಚಲಿಲ್ಲ. ಕೆಟ್ಟದ್ದು ಗೊತ್ತಾದ ಮೇಲೆ ಗೊತ್ತಾಗದ ಹಾಗೆ ಮಾಡಿದೆ. ಇನ್ನು ಅದು ಯಾರಿಗೂ ಸಿಗುವುದಿಲ್ಲ."



ಒಳಗಿನಿಂದ ಸಣ್ಣಿ "ಅವ್ವಾ" ಎಂದು ಕರೆದಳು. ಕೇತಮ್ಮ ಎದ್ದು ಹೋದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದುವ, ಹಿಂಡುವ ಸದ್ದು ಕೇಳುತ್ತಿತ್ತು. ಇಂದ್ರೇಶನಿಗೆ ಎದ್ದು ಹೋಗಬೇಕೆನಿಸಿತು. ಕೂತೇ ಇದ್ದ.

ಬಹಳ ಹೊತ್ತಿನ ಮೇಲೆ ಅವಳು ಬಂದು ಅವನೆದುರು ಕೂತಳು. ಅವನು ತಲೆ ಎತ್ತಲಿಲ್ಲ.

"ಅನ್ನ ಉಂಡಿದ್ದೀಯಾ?"



ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು.

"ನನ್ನ ರಕ್ತ ತಕ್ಕ. ನಾನೂ ಅವಳ ಮಗಳೇ ಅಲ್ವ."

ಇಂದ್ರೇಶನ ಕೈ ಚೀಲದ ಕಡೆ ಹೋಯಿತು. ಅಷ್ಟರಲ್ಲಿ ಗೌರಾಂಬ ಕೇತಮ್ಮನ ಕೈಯನ್ನು ಹಿಡಿದು, ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿದರು.

"ಬೇಡ, ಕೇತಮ್ಮ."

ಹೊಳೆಯ ದಂಡೆಯಲ್ಲಿ ಹಿಂತಿರುಗುವಾಗ ಇಂದ್ರೇಶ ಹಿಂದೆ ನಡೆಯುತ್ತಿದ್ದ.

"ನಿಮಗೆ ಗೊತ್ತಿತ್ತು," ಎಂದ.

"ತಿಂಗಳುಗಟ್ಟಲೆ ಅಲ್ಲಿ ಕೂತ ಕಲ್ಲಿಗೆ ಹಿಮ ಹಿಡಿದಿರುತ್ತದೆ. ಮೊನ್ನೆ ಅದು ನುಣ್ಣಗಿತ್ತು."

"ಯಾಕೆ ಕೇಳಲಿಲ್ಲ?"

"ಕೇಳಿದೆನಲ್ಲ. ನೀನು ಕಲ್ಲು ಮೇಲಿದೆ ಎಂದೆ."

"ಇವತ್ತೂ ನಾನು ಹೇಳದಿದ್ದರೆ?"

"ನಾನು ಹೇಳುತ್ತಿದ್ದೆ."

ಅವನು ಬೇಗ ಹೆಜ್ಜೆ ಹಾಕಿ ಅವರ ಪಕ್ಕಕ್ಕೆ ಬಂದ.

"ನಾಳೆ ನಾನು ಬರಬಹುದೇ?"

"ಫ್ರೀಜರ್ ತೊಳೆಯುವವರು ಯಾರು ಮತ್ತೆ?"

ದಂಡೆ ತಿರುಗುವಲ್ಲಿ ಅವನು ನಿಂತ.

"ಮೇಡಂ, ಅವರು ಕೈ ಕೊಟ್ಟಾಗ ಯಾಕೆ ಬೇಡ ಎಂದಿರಿ? ತಾಯಿಯಲ್ಲಿ ಇದ್ದದ್ದು ಮಗಳಲ್ಲೂ ಇರಬಹುದು. ನಾನು ಕೆಡಿಸಿದ್ದು ಅಷ್ಟಾದರೂ ಸರಿಹೋಗುತ್ತಿತ್ತು."

"ಕೇತಮ್ಮನ ರಕ್ತವನ್ನು ನೀನು ಸೇರುವ ಮೊದಲೇ ನೋಡಿದ್ದೇನೆ. ಅದರಲ್ಲಿ ಇಲ್ಲ."

"ಅದು ಅವರಿಗೆ ಗೊತ್ತಿಲ್ಲವೇ?"

ಗೌರಾಂಬ ಚಪ್ಪಲಿಯ ಮರಳನ್ನು ಕೊಡವಿಕೊಂಡರು.

"ಹೋಗಿ ಹೇಳಿ ಬಂದವಳು ನಾನೇ."