ಮುದ್ದುವೀರ ಮುಂಬೈಗೆ ಹೋದದ್ದು

ಕಂಚಿನಕೆರೆ ಅಂತ ಒಂದೂರು. ಆ ಊರಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮುದ್ದುವೀರ. ಮೂವತ್ತು ವರ್ಷದ ಆಳು, ಬಾಗಿಲು ತುಂಬೋ ಮೈ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಕಷ್ಟ. ‘ಹಾಲು ನೋಡ್ಕೋ’ ಅಂದ್ರೆ, ಹಾಲು ಉಕ್ಕಿ ಒಲೆ ಆರಿಹೋಗೋವರೆಗೂ ಕಣ್ಣು ಮಿಟುಕಿಸದೆ ನೋಡೋನು. ‘ಇವನನ್ನ ಹೆತ್ತ ಹೊಟ್ಟೆಗೆ ಏನು ಹೇಳ್ಲಿ’ ಅಂತ ಚೆನ್ನಾಜಮ್ಮ ಹಣೆ ಚಚ್ಚಿಕೊಳ್ಳೋಳು.

ಆ ಊರಿಗೆ ಗುಡ್ಡ ಅಡ್ಡ, ಫೋನಿಗೆ ಸಿಗ್ನಲ್ ಇಲ್ಲ. ಗುಡ್ಡ ಒಡೆದು ಜಲ್ಲಿ ಮಾಡೋ ಗುರುಮಲ್ಲೇಶ ಬಸ್ ಸ್ಟಾಪಿನ ಕಟ್ಟೆಗೆ ಪುಕ್ಕಟೆ ವೈಫೈ ಹಾಕಿಸಿದ. ಜನ ಧರ್ಮಾತ್ಮ ಅಂದ್ರು. ಆ ಧರ್ಮಾತ್ಮನ ಕ್ರಷರಿನ ಪುಡಿ ದಿನಾ ಟಿಪ್ಪರಲ್ಲಿ ಬಂದು ಊರ ಕೆರೆಗೆ ಬೀಳ್ತಿತ್ತು. ಅರ್ಧ ಕೆರೆ ಬೂದಿ ಬಯಲಾಯ್ತು. ಎಮ್ಮೆಗಳು ನೀರು ಮೂಸಿ ನೋಡಿ ಹಂಗೇ ವಾಪಸ್ ಬರ್ತಿದ್ವು.

ಚೆನ್ನಾಜಮ್ಮನಿಗೆ ಓದು ಬರಲ್ಲ, ಮಗನಿಗೆ ಬರುತ್ತೆ. ‘ದೂರು ಕೊಡೋ ಸರ್ಕಾರದ ಸೈಟ್ ಇದೆಯಂತೆ, ತೆಗಿ’ ಅಂದಳು. ಅವನು ಕಟ್ಟೆ ಮೇಲೆ ಕೂತು ತೆಗೆಯೋಕೆ ನೋಡಿದ. ಅದು ತೆಗೀಲಿಲ್ಲ. ಸಂಜೆಗೆ ಗುರುಮಲ್ಲೇಶ ಮನೆ ಬಾಗಿಲಿಗೆ ಬಂದ.

‘ಏನು ಚೆನ್ನಾಜಮ್ಮ, ನಿನ್ನ ಮಗ ದೂರಿನ ಸೈಟಿಗೆ ಹೋಗಿದ್ನಂತೆ.’

‘ಹೋದ್ರೆ ಏನೀಗ? ಕೆರೆ ನಿಮ್ಮಪ್ಪಂದಾ?’

‘ವೈಫೈ ನಂದು ಕಣಮ್ಮ’ ಅಂತ ನಗ್ತಾ ಹೋದ.

ಚೆನ್ನಾಜಮ್ಮ ಮಗನ ಕಡೆ ತಿರುಗಿದಳು. ‘ಅವನಿಗೆ ಕಾಣೋ ಹಂಗೆ ಮಾಡ್ತಾರೇನೋ ಪೆದ್ದ? ಫೋನಲ್ಲಿ ಏನ್ಮಾಡಿದ್ರೂ ಮುಚ್ಕೊಂಡು ಮಾಡ್ಬೇಕು.’

‘ಆಗ್ಲಿ ಕಣವ್ವ.’

ಮಾರನೇ ದಿನ ಮಟಮಟ ಮಧ್ಯಾಹ್ನ. ಮುದ್ದುವೀರ ಕಟ್ಟೆ ಮೇಲೆ ಕೂತ, ಕರೀ ಕಂಬಳಿ ತಲೆಯಿಂದ ಕಾಲಿನವರೆಗೆ ಮುಚ್ಕೊಂಡ, ಒಳಗೆ ಫೋನ್ ಒತ್ತಿದ. ಬಸ್ಸಿಂದ ಇಳಿದೋರು ನಿಂತು ನೋಡಿದ್ರು. ಯಾರೋ ಹೆಣ ಅಂದ್ಕೊಂಡು ಕೈ ಮುಗಿದು ಹೋದ್ರು. ಸೈಟು ತೆಗೀಲಿಲ್ಲ, ಗುರುಮಲ್ಲೇಶನಿಗೆ ಸುದ್ದಿಯೂ ತಪ್ಪಲಿಲ್ಲ.

ಚೆನ್ನಾಜಮ್ಮ ಬೈದಳು, ಅತ್ತಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಬಳಿಯ ಬಸ್ ಹತ್ತಿದಳು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಶಾಹಿನಾ ಇದ್ದಳು. ಕೆರೆಯ ಕತೆಯೆಲ್ಲ ಕೇಳಿದಳು.

‘ಪರದೆ ಮುಚ್ಚಿದ್ರೆ ಆಗಲ್ಲ ಚೆನ್ನಾಜಕ್ಕ. ನೀವು ಹೋಗೋದು ಅವನ ವೈಫೈ ದಾರೀಲಿ. ಯಾವ ಸೈಟಿಗೆ ಹೋದ್ರಿ ಅಂತ ಅವನಿಗೆ ಕಾಣುತ್ತೆ, ಬೇಡದ್ದನ್ನ ತಡೀತಾನೆ. ಅದಕ್ಕೇ ವಿಪಿಎನ್ ಅಂತ ಇರೋದು. ಸುರಂಗ ಇದ್ದಂಗೆ. ಎಲ್ಲ ಸುರಂಗದೊಳಗೇ ಹೋಗುತ್ತೆ, ನಡುವೆ ಕೂತೋನಿಗೆ ಒಳಗೇನಿದೆ ಅಂತ ಕಾಣಲ್ಲ. ಫೋನ್ ತನ್ನಿ, ಹಾಕಿಕೊಡ್ತೀನಿ.’

ಚೆನ್ನಾಜಮ್ಮ ಊರಿಗೆ ಬಂದವಳೇ ‘ಲೋ, ಸುರಂಗದೊಳಗಿಂದ ಕಳಿಸ್ಬೇಕಂತೆ ಕಣೋ. ನಾಳೆ ಬೆಳಿಗ್ಗೆ ಹೋಗೋಣ’ ಅಂದಳು.

ಬೆಳಿಗ್ಗೆ ಎದ್ದು ನೋಡಿದ್ರೆ ಮಗ ಇಲ್ಲ. ರಸ್ತೆ ಕೆಳಗಿನ ಮೋರಿಯಿಂದ ಎರಡು ಕಾಲು ಆಚೆ ಚಾಚಿದ್ವು. ಒಳಗೆ ನುಗ್ಗಿದ್ದವನು ಅರ್ಧಕ್ಕೇ ಸಿಕ್ಕಿಹಾಕ್ಕೊಂಡಿದ್ದ. ನಾಲ್ಕು ಜನ ಕಾಲು ಹಿಡಿದು ಎಳೆದ್ರು. ಮೈಯೆಲ್ಲ ರಾಡಿ, ಕೈಯಲ್ಲಿ ಫೋನು.

‘ಸುರಂಗ ಚಿಕ್ಕದಾಯ್ತು ಕಣವ್ವ.’

‘ಥೂ ನಿನ್ನ. ಸುರಂಗ ಫೋನಿಗೆ ಕಣೋ, ನಿನಗಲ್ಲ. ಶಾಹಿನಾ ಹೇಳಿದಂಗೆ ಮಾಡು, ನಿನ್ನ ತಲೆ ಓಡಿಸ್ಬೇಡ.’

ಫೋನ್ ಒರೆಸಿ, ಮಗನನ್ನೂ ಒರೆಸಿ, ಇಬ್ಬರೂ ಶಾಹಿನಾ ಹತ್ರ ಹೋದ್ರು. ‘ದೂರು ಇಲ್ಲಿಂದಲೇ ಕಳಿಸಿ’ ಅಂದಳು ಶಾಹಿನಾ. ‘ಪುಡಿ ದಿನಾ ಬೀಳ್ತಿದೆ, ದಿನಾ ಫೋಟೋ ಕಳಿಸ್ಬೇಕು. ದಿನಾ ಇಷ್ಟು ದೂರ ಬರೋಕಾಗುತ್ತೇನಮ್ಮ?’ ಅಂದಳು ಚೆನ್ನಾಜಮ್ಮ. ಶಾಹಿನಾ ಹುಡುಕಿ ನೋಡಿ ಒಂದು ವಿಪಿಎನ್ ಹಾಕಿದಳು. ‘ಪುಕ್ಕಟೆ ಸಿಗುತ್ತೆ ಅಂತ ಕಂಡಕಂಡದ್ದು ಹಾಕೋಬಾರ್ದು, ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಗುತ್ತೆ’ ಅಂದಳು. ಆಮೇಲೆ ಮುದ್ದುವೀರನಿಗೆ ತೋರಿಸಿದಳು.

‘ಈ ಗುಂಡಿ ಒತ್ತಿದ್ರೆ ಆನ್. ಹಸಿರು ಬಂತಾ? ಸುರಂಗದ ಆ ಬಾಯಿ ಮುಂಬೈಲಿದೆ, ಈಗ ನೀನು ಮುಂಬೈಲಿ ಇದ್ದಂಗೆ.’

‘ನಾನಾ?’

‘ನೀನೇ. ಆಫ್ ಮಾಡಿದ್ರೆ ವಾಪಸ್ ಊರಿಗೆ.’

ಮಾರನೇ ದಿನ ಕಟ್ಟೆ ಮೇಲೆ ಕೂತು ಹಸಿರು ಮಾಡಿದ. ಸೈಟು ತೆಗೀತು. ಟಿಪ್ಪರಿನ ಫೋಟೋ, ಎಮ್ಮೆಯ ಫೋಟೋ, ಎಲ್ಲ ಹೋಯ್ತು. ಆಮೇಲೆ ದಿನಾ ಕಳಿಸಿದ. ಎಂಟನೇ ದಿನ ಮಧ್ಯಾಹ್ನ ಚೆನ್ನಾಜಮ್ಮ ಊಟಕ್ಕೆ ಕರೆದಳು.

‘ಹೆಂಗೆ ಬರ್ಲಿ ಕಣವ್ವ, ಮುಂಬೈಲಿದ್ದೀನಿ.’

‘ಮುದ್ದೆ ಆರ್ತಾ ಇದೆ, ಬಾರೋ.’

‘ಕಳಿಸಿಕೊಡವ್ವ.’

ಇದನ್ನ ಗುರುಮಲ್ಲೇಶ ಕೇಳಿಸ್ಕೊಂಡ. ಎಂಟು ದಿನದಿಂದ ಅವನಿಗೆ ಏನೂ ಕಾಣ್ತಿರಲಿಲ್ಲ, ಬರೀ ಸುರಂಗ. ತಲೆ ಕೆಟ್ಟಿತ್ತು.

‘ಏನೋ ಕಳಿಸ್ತಿದ್ದೀಯ? ತೋರ್ಸು ಫೋನು.’

‘ಮುಂಬೈಗೆ ಬನ್ನಿ, ತೋರಿಸ್ತೀನಿ.’

‘ನನ್ನ ಮುಂದೆ ಕೂತ್ಕೊಂಡು ಮುಂಬೈ ಅಂತೀಯಾ? ಎದ್ದೇಳೋ, ಕಟ್ಟೆ ಬಿಟ್ಟು ಹೋಗು.’

‘ಇಲ್ಲಿ ಇಲ್ದೋನು ಇಲ್ಲಿಂದ ಹೆಂಗೆ ಏಳ್ಲಿ?’

ಗುರುಮಲ್ಲೇಶ ರಟ್ಟೆ ಹಿಡಿದು ಎಳೆದ. ಮುದ್ದುವೀರ ಅಲುಗಲಿಲ್ಲ. ಕಟ್ಟೆ ಮೇಲಿನ ಹೆಂಗಸರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಬಾಯ್ತುಂಬ ನಕ್ಕರು. ಅಷ್ಟು ವರ್ಷದಲ್ಲಿ ಅವನ ಮುಖಕ್ಕೆ ನಕ್ಕಿದ್ದು ಅದೇ ಮೊದಲು. ಕೊನೆಗೆ ಚೆನ್ನಾಜಮ್ಮ ಬಂದು ಫೋನ್ ಆಫ್ ಮಾಡಿ ಮಗನನ್ನ ಊಟಕ್ಕೆ ಕರ್ಕೊಂಡು ಹೋದಳು.

‘ಮುಚ್ಚಿದ್ದು ಸಾಕು ಕಣೋ. ನಮ್ಮ ದೂರಿನ ಮೇಲೆ ನಾಳೆ ಸರ್ಕಾರದ ದೊಡ್ಡ ಸಾಹೇಬ್ರು ಕೆರೆ ನೋಡೋಕೆ ಬರ್ತಾರಂತೆ. ಅವರ ಮುಂದೆ ಏನೂ ಮುಚ್ಚಿಡಬೇಡ. ನಾವು ಆಡಿದ್ದು ಆಡಿದಂಗೆ ಹೇಳು.’

‘ಆಗ್ಲಿ ಕಣವ್ವ.’

ಮಾರನೇ ದಿನ ಊರ ಹೆಂಗಸರೆಲ್ಲ ನೆರೆದಿದ್ದ ಕಟ್ಟೆ ಮುಂದೆ ಸಾಹೇಬರ ಜೀಪು ಬಂತು. ಇಳಿಯೋ ಮೊದಲೇ ಗುರುಮಲ್ಲೇಶ ಕೈ ಮುಗಿದು ನಿಂತ. ‘ಮೊದಲು ಮನೇಲಿ ಊಟ ಸಾರ್, ಕೆರೆ ಎಲ್ಲಿಗೆ ಹೋಗುತ್ತೆ.’ ಸಾಹೇಬರು ಹೂಂ ಅಂದು, ಹೆಂಗಸರ ಕಡೆ ತಿರುಗಿ ‘ಏನಾದ್ರೂ ಹೇಳೋದಿದೆಯಾ?’ ಅಂದ್ರು.

ಮುದ್ದುವೀರ ಮುಂದೆ ಬಂದ.

‘ಇದೆ ಸಾರ್. ನಮ್ಮವ್ವ ಬೆಳಿಗ್ಗೆ ಅಂದ್ಲು, ಈ ಸಾಹೇಬನೂ ಗುರುಮಲ್ಲೇಶನ ಮನೇಲಿ ಕೋಳಿಸಾರು ಉಂಡು, ತೇಗಿ, ಕೆರೆ ಕಡೆ ತಿರುಗೂ ನೋಡದೆ ಹೋಗ್ತಾನೆ ಅಂತ. ಹಿಂದಿನೋನೂ ಹಂಗೇ ಹೋದ ಅಂತ.’

ಸಾಹೇಬರ ಮುಖ ಕೆಂಪಾಯ್ತು. ಗುರುಮಲ್ಲೇಶನ್ನ ನೋಡಿದ್ರು, ಇವನನ್ನ ನೋಡಿದ್ರು, ಜೀಪಿನಿಂದ ಅಳೆಯೋ ಟೇಪು ತಗೊಂಡ್ರು. ‘ಊಟ ಬೇಡ. ನಡೀರಿ ಕೆರೆಗೆ.’ ಹಸಿದ ಹೊಟ್ಟೇಲಿ ಏರಿಯಿಂದ ಆಚೆ ದಡದವರೆಗೂ ಅಳೆದ್ರು. ಪುಡಿ ತುಂಬಿದ್ದು ಎಂಟು ಎಕರೆ. ಟಿಪ್ಪರುಗಳನ್ನ ಅಲ್ಲೇ ನಿಲ್ಲಿಸಿದ್ರು.

ಚೆನ್ನಾಜಮ್ಮ ಹಲ್ಲು ಕಡೀತಾ ಮಗನ ಕಿವಿಯಲ್ಲಿ ಅಂದಳು. ‘ಮಾನ ಕಳೆದ್ಯಲ್ಲೋ. ಇನ್ನು ಬಾಯಿ ಮುಚ್ಕೊಂಡಿರು.’

ಸಾಹೇಬರು ಕಾಗದ ತೆಗೆದು ಕೇಳಿದ್ರು. ‘ಸಾಕ್ಷಿ ಹೇಳಿಕೆ ಬೇಕು. ಯಾರ ಹೆಸರು ಬರೀಲಿ? ನೀನು ಹೇಳಪ್ಪ.’

ಮುದ್ದುವೀರ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ನಿಂತ. ಎರಡು ಸಲ ಕೇಳಿದ್ರೂ ಕೈ ತೆಗೀಲಿಲ್ಲ. ಗುರುಮಲ್ಲೇಶ ಹೆಂಗಸರ ಮುಖ ಒಂದೊಂದಾಗಿ ನೋಡ್ತಾ ಬಂದ. ಒಬ್ಬೊಬ್ಬರೇ ತಲೆ ತಗ್ಗಿಸಿದ್ರು. ಚೆನ್ನಾಜಮ್ಮನ ಹತ್ರ ಬಂದಾಗ ಅವಳು ತಗ್ಗಿಸಲಿಲ್ಲ.

‘ಚೆನ್ನಾಜಮ್ಮ ಅಂತ ಬರ್ಕೊಳ್ಳಿ ಸಾಮಿ. ದಪ್ಪಕ್ಷರದಲ್ಲಿ ಬರೀರಿ, ಈ ಗುರುಮಲ್ಲೇಶನಿಗೂ ಕಾಣ್ಲಿ.’

ಹೆಬ್ಬೆಟ್ಟು ಒತ್ತಿದಳು. ಹಿಂದೆ ನಿಂತಿದ್ದ ಇಬ್ಬರು ಮುಂದೆ ಬಂದ್ರು, ಆಮೇಲೆ ಇನ್ನೂ ನಾಲ್ವರು.

ಮನೆಗೆ ಬಂದು ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಮಗ ತಟ್ಟೆ ಮುಂದೆ ಕೂತ. ತಿನ್ನಲಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ಉಸಿರು, ಬಾಯಿ ಮೇಲೆ ಎರಡು ಕೈ. ಚೆನ್ನಾಜಮ್ಮ ಮೂರು ಮನೆಗೆ ಹೋಗಿ ಕತೆ ಹೇಳಿ ವಾಪಸ್ ಬರೋ ಹೊತ್ತಿಗೂ ಹಂಗೇ ಕೂತಿದ್ದ, ಬಾಯಿ ಬಿಡು ಅಂತ ಅವ್ವ ಇನ್ನೂ ಹೇಳಿರಲಿಲ್ಲವಲ್ಲ.