ಹಾವಿಗೆ ಮಡಿಲು ತುಂಬಿದ ಹೊಂಬಾಳಮ್ಮ

ಹೂಂ ಅಂತೀರೋ ಇಲ್ವೋ, ಅದನ್ನ ಮೊದಲು ಹೇಳಿ. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕತೆ ಅರ್ಧ ದಾರೀಲಿ ಕೂತುಬಿಡುತ್ತೆ. ಆಮೇಲೆ ಅದನ್ನ ಎಬ್ಬಿಸೋದು ನನ್ನ ಕೈಲಾಗಲ್ಲ.

ಸರಿ. ಒಂದಾನೊಂದು ಊರಿನಲ್ಲಿ ಗುಂಜೇರಾಯ ಅಂತ ಒಬ್ಬ ರಾಜ. ಊರು ಎಲ್ಲಿ ಅಂತ ಕೇಳಬೇಡಿ, ನಾನು ಹುಡುಕಿಕೊಂಡು ಹೋದಾಗ ಅದು ಅಲ್ಲಿರಲಿಲ್ಲ. ಆ ರಾಜ್ಯದಲ್ಲಿ ಸೇತುವೆ ಮುರಿದು ಬಿದ್ದಿತ್ತು, ರಾಜನಿಗೆ ಅದರ ಚಿಂತೆ ಇಲ್ಲ. ಕೋಟೆ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು, ಅದರ ಚಿಂತೆಯೂ ಇಲ್ಲ. ಅವನಿಗಿದ್ದ ಚಿಂತೆ ಒಂದೇ. ಊರಿಂದ ಹೆಣ್ಣು ಅನ್ನೋದು ಯಾವುದೂ ಬರಿಮಡಿಲಲ್ಲಿ ಹೊರಡಕೂಡದು.

ಹೆಣ್ಣುಮಗಳು ತವರಿಂದ ಹೊರಡೋವಾಗ ಸೆರಗಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಕಳಿಸ್ತೀವಲ್ಲ, ಅದೇ ಮಡಿಲಕ್ಕಿ. ಅವಳೂ ಅದರಿಂದ ಒಂದು ಹಿಡಿ ತೆಗೆದು ತವರಿಗೇ ವಾಪಸ್ ಹಾಕಿ ಹೋಗ್ತಾಳೆ, ತವರು ಬರಿದಾಗದಿರಲಿ ಅಂತ. ಒಂದು ಸಲ ರಾಜನ ಅಕ್ಕ ಮುನಿಸಿಕೊಂಡು ಮಡಿಲು ತುಂಬಿಸಿಕೊಳ್ಳದೆ ಹೊರಟುಹೋದಳಂತೆ. ಅವತ್ತೇ ರಾಜನ ಎಡಗಡೆ ಮೀಸೆ ಉದುರಿತಂತೆ. ಆಗ ಹುಟ್ಟಿದ್ದು ಕಟ್ಟಪ್ಪಣೆ. ಯಾವ ಮನೆಯಿಂದ ಹೆಣ್ಣು ಬರಿಮಡಿಲಲ್ಲಿ ಹೊರಡ್ತಾಳೋ ಆ ಮನೆಯ ಹೊಸ್ತಿಲು ಕಿತ್ತು ಅರಮನೆಗೆ. ಹೊಸ್ತಿಲಿಲ್ಲದ್ದು ಮನೆಯಲ್ಲ. ಮನೆಯಲ್ಲದ ಕಡೆ ಯಾರೂ ಇರೋ ಹಾಗಿಲ್ಲ.

ಹಾಗಾಗಿ ಆ ಊರಲ್ಲಿ ಹಸು ಮಾರಿದರೆ ಅದರ ಕೊರಳಿಗೆ ಅಕ್ಕಿಗಂಟು. ಕೋಳಿ ಕೊಟ್ಟರೆ ರೆಕ್ಕೆ ಕೆಳಗೆ ಪುರಿ ಪೊಟ್ಟಣ. ಇರುವೆ ವಿಷಯದಲ್ಲಿ ಮಾತ್ರ ರಾಜನಿಗೆ ನೆಮ್ಮದಿ. ಅದು ಕೊಡದಿದ್ದರೂ ತಗೊಂಡೇ ಹೋಗುತ್ತೆ.

ನಗೋದು ಆಮೇಲೆ. ಹೂಂ ಅನ್ನಿ.

ಊರ ಕೊನೇ ಮನೇಲಿ ಹೊಂಬಾಳಮ್ಮ ಇದ್ದಳು. ಹಪ್ಪಳ ಲಟ್ಟಿಸಿ ಬದುಕೋಳು. ಕೈಕೂಸಾಗಿದ್ದಾಗಲೇ ಸಂತೇಲಿ ಯಾರಿಗೋ ಸಿಕ್ಕಿದವಳು, ತವರು ಅಂತ ಒಂದಿಲ್ಲ. ಊರಿನ ಹೆಣ್ಣುಮಕ್ಕಳಿಗೆಲ್ಲ ಮಡಿಲು ತುಂಬಿದ್ದು ಅವಳ ಕೈ. ಅವಳ ಮಡಿಲಿಗೆ ಒಂದು ಕಾಳೂ ಬಿದ್ದದ್ದಿಲ್ಲ. ರಾಜನೂ ಕೇಳಲಿಲ್ಲ, ಯಾಕಂದ್ರೆ ಅವಳು ಎಲ್ಲಿಗೂ ಹೊರಟವಳಲ್ಲ. ಹೊರಡೋಕೆ ಎಲ್ಲಿದೆ? ಅವಳಿಗಿದ್ದದ್ದು ಆ ಮನೆ, ಆ ಹೊಸ್ತಿಲು, ಒಂದು ಗುಡಾಣ ಅಕ್ಕಿ.

ಒಂದು ಬೆಳಗ್ಗೆ ಗುಡಾಣ ಮಾತಾಡಿತು.

"ಅಕ್ಕಯ್ಯ, ನನ್ನ ಹೊಟ್ಟೇಲಿ ಯಾರೋ ಮಗ್ಗುಲು ಬದಲಾಯಿಸಿದರು."

ಹೊಂಬಾಳಮ್ಮ ಮುಚ್ಚಳ ತೆಗೆದಳು. ಅಕ್ಕಿ ಮೇಲೆ ಒಂದು ತಲೆ. ಗೋಧಿ ಬಣ್ಣದ ಹಾವು. ಅದು ಅವಳನ್ನ ನೋಡಿತು, ಇವಳು ಅದನ್ನ ನೋಡಿದಳು. ಹಾವು ಹಾವು ಅಂತ ಗುಡಾಣವೇ ಕೂಗಿಕೊಂಡಿತು.

ಅಷ್ಟರಲ್ಲಿ ಅಕ್ಕಪಕ್ಕದವರು ದೊಣ್ಣೆ ಹಿಡಿದು ಬಂದರು. ಹೊಂಬಾಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬಂದೋರನ್ನ ಬಡಿಯೋ ಮನೆಯಲ್ಲ ಇದು. ಚೆಲುವಯ್ಯನ್ನ ಕರೀರಿ."

ಚೆಲುವಯ್ಯ ಅಂದ್ರೆ ಮನೆಗಳಿಗೆ ನುಗ್ಗಿದ ಹಾವುಗಳನ್ನ ಕಾಡಿಗೆ ಬಿಟ್ಟು ಬರೋನು. ಅವನ ಹತ್ತಿರ ಒಂದು ಬಿದಿರ ಬುಟ್ಟಿ. ಭಾರೀ ಜಂಬದ ಬುಟ್ಟಿ. "ನನ್ನೊಳಗೆ ಹಿಡಿಸದ ಹಾವು ಈ ಭೂಮಿ ಮೇಲೆ ಹುಟ್ಟಿಲ್ಲ" ಅಂತ ಬೀದಿಯುದ್ದಕ್ಕೂ ಹೇಳಿಕೊಂಡೇ ಬಂತು.

ಚೆಲುವಯ್ಯ ಕೈ ಮುಗಿದು, "ಬಾ ತಾಯಿ, ಹೊರಡಾನ" ಅಂದ. ಹಾವು ಬುಟ್ಟಿಗೆ ಇಳಿಯಿತು. ಇಳೀತು, ಇಳೀತು, ಇಳೀತಾನೇ ಇತ್ತು. ಬುಟ್ಟಿ ತುಂಬಿತು.

"ಮುಗೀತೇನಯ್ಯ?" ಅಂತು ಬುಟ್ಟಿ, ಉಸಿರು ಕಟ್ಟಿಕೊಂಡು.

"ಎಲ್ಲಿ ಮುಗೀತು, ಇದಿನ್ನೂ ಕತ್ತು" ಅಂದ ಚೆಲುವಯ್ಯ.

ಆವತ್ತಿಂದ ಬುಟ್ಟಿಗಳು ಮಾತು ಬಿಟ್ಟಿವೆ. ಬೇಕಾದರೆ ನಿಮ್ಮ ಮನೇದನ್ನೇ ಕೇಳಿ ನೋಡಿ.

ಚೆಲುವಯ್ಯ ತಲೆ ಕೆರೆದುಕೊಂಡ. "ಇದು ಹೊತ್ತುಕೊಂಡು ಹೋಗೋ ಹಾವಲ್ಲ ಹೊಂಬಾಳಕ್ಕ, ಜೊತೇಲಿ ನಡೆಸಿಕೊಂಡು ಹೋಗೋ ಹಾವು. ಇನ್ನೊಂದು ಮಾತು. ಇದು ಹೆಣ್ಣು."

"ಹೆಂಗೆ ಗೊತ್ತು?"

"ಗಂಡಾಗಿದ್ರೆ ಇಷ್ಟೊತ್ತಿಗೆ ಊಟ ಏನು ಅಂತ ಕೇಳಿರೋದು."

ಕೇಳಿ ಹೊಸ್ತಿಲು ನರಳಿತು. "ಹಂಗಾದ್ರೆ ನನ್ನ ಗತಿ ಮುಗೀತು ಕಣವ್ವ. ಹಾವಿಗೆ ಎಲ್ಲೀ ಮಡಿಲು?"

ಸುದ್ದಿ ಹೋಯ್ತು, ರಾಜ ಪಲ್ಲಕ್ಕೀಲಿ ಬಂದ. ಹಿಂದೆ ಹಾರೆ ಹಿಡಿದ ಆಳುಗಳು. ಇರೋ ಅರ್ಧ ಮೀಸೆ ತಿರುವುತ್ತಾ, "ಹೆಣ್ಣು ಹೊರಡ್ತಾ ಇದೆ. ಮಡಿಲು ತುಂಬು" ಅಂದ.

ಹೊಂಬಾಳಮ್ಮ ಹಾವನ್ನ ಬುಟ್ಟಿಯಿಂದ ಇಳಿಸಿ, ಸುರುಳಿ ಸುತ್ತಿ ಕೂರಿಸಿ, ನಡುವೆ ಅಕ್ಕಿ ಹುಯ್ದಳು. ಹಾವು ಒಂದು ಸಲ ಕದಲಿತು, ಅಕ್ಕಿ ನೆಲದ ಪಾಲು. ಸೊಂಟಕ್ಕೆ ಬಟ್ಟೆ ಕಟ್ಟಿ ಅಂದರು ಯಾರೋ. ಸೊಂಟ ಎಲ್ಲಿ? ಸೊಂಟ ನಡುಮಧ್ಯ. ನಡುಮಧ್ಯ ಎಲ್ಲಿ? ಕೊನೆ ಸಿಕ್ಕಿದ ಮೇಲೆ ಗೊತ್ತಾಗುತ್ತೆ. ಕೊನೆ ಎಲ್ಲಿ? ಅದಿನ್ನೂ ಗುಡಾಣದೊಳಗೆ.

ರಾಜ ಬೇಸತ್ತು ಹಾರೆಯವರ ಕಡೆ ನೋಡಿದ. ಹೊಂಬಾಳಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳಿಗೆ ಅಳು ಬಂತು. ಇದೂ ಹೋದರೆ ಇನ್ನೆಲ್ಲಿಗೆ ಅಂತ ಅತ್ತಳು.

ಆಗ ಹಾವು ಬಾಯಿಬಿಟ್ಟಿತು.

"ಅವ್ವ, ಸೀರೆ ಇದ್ದೋರಿಗೆ ತಾನೆ ಮಡಿಲು?"

"ಹೌದು ಮಗ."

"ಹಂಗಾದ್ರೆ ಒಂಚೂರು ತಡಿ."

ಹಾವು ಮೂತಿಯನ್ನ ಹೊಸ್ತಿಲಿಗೆ ಉಜ್ಜಿತು. ತುಟಿ ಹತ್ತಿರ ಪೊರೆ ಬಿಟ್ಟುಕೊಂಡಿತು. ಹೊಸ ಸೀರೆ ಸೆರಗಿನ ಹಾಗೆ ತೆಳ್ಳಗೆ, ಗರಿಗರಿಯಾಗಿ ಅಗಲವಾಯ್ತು. ಹೊಂಬಾಳಮ್ಮ ಕಣ್ಣು ಒರೆಸಿಕೊಂಡು ಎದ್ದಳು. ಕುಂಕುಮ ಇಟ್ಟಳು. ಆ ಸೆರಗಿಗೆ ಅಕ್ಕಿ ಹುಯ್ದಳು. ಅಷ್ಟುದ್ದದ ಮಗಳಿಗೆ ಒಂದು ಸೇರು ಎಲ್ಲಿ ಸಾಲುತ್ತೆ? ಗುಡಾಣ ಬಳಿದು ಎಲ್ಲಾ ಹುಯ್ದಳು. ಮೇಲೊಂದು ಅಚ್ಚು ಬೆಲ್ಲ, ಒಂದು ಕಾಯಿ.

"ಹೋಗಿ ಬಾ" ಅಂದಳು.

ಹಾವು ಹೊರಟಿತು.

ಈಗ ನಾನು ಹೇಳೋದನ್ನ ಸುಮ್ಮನೆ ಕೇಳಿ, ಹೂಂ ಕೂಡ ಬೇಡ. ಮುಂದೆ ಚೆಲುವಯ್ಯ, ಹಿಂದೆ ಹಾವಿನ ತಲೆ. ಹಳೇ ಪೊರೆ ಹೊಸ್ತಿಲಲ್ಲೇ ನಿಂತಿತು, ಅದರೊಳಗಿಂದ ಹೊಸ ಹಾವು ಹರಿದು ಬಂತು. ತಲೆ ಊರಬಾಗಿಲು ದಾಟಿತು. ಕೆರೆ ಏರಿ ಹತ್ತಿತು. ಕಾಡು ಸೇರಿತು. ಮೈ ಇನ್ನೂ ಮನೆಯಿಂದ ಬರ್ತಾನೇ ಇತ್ತು. ಬಿಸಿಲು ಬಿದ್ದ ಕಡೆಯೆಲ್ಲ ಆ ಮೈ ಹೊಳೆಯಿತು. ಬಗ್ಗಿ ನೋಡಿದವರಿಗೆ ಅದರಲ್ಲಿ ತಮ್ಮ ಮುಖ ಕಂಡಿತು. ಅಳೋ ಕೂಸುಗಳು ಸುಮ್ಮನಾದವು. ದೊಣ್ಣೆ ತಂದವರ ದೊಣ್ಣೆ ಯಾವಾಗ ಕೆಳಗೆ ಬಿತ್ತೋ ಅವರಿಗೇ ತಿಳೀಲಿಲ್ಲ. ಇಷ್ಟು ದೊಡ್ಡದು ಇಷ್ಟು ದಿನ ನಮ್ಮ ಪಕ್ಕದಲ್ಲೇ ಮಲಗಿತ್ತಲ್ಲ, ಯಾರಿಗೂ ಏನೂ ಮಾಡಲಿಲ್ಲವಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡಿದರು.

ಕೊನೆಗೆ ಬಾಲ ಬಂತು. ರಾಜ ಎಚ್ಚೆತ್ತ. ನೋಡಿದರೆ ಪೊರೆ ಇಲ್ಲಿ, ಅಕ್ಕಿ ಇಲ್ಲಿ, ಹಾವು ಅಲ್ಲಿ.

"ಬರಿಮಡಿಲಲ್ಲಿ ಹೋದಳು. ಹಾರೆ ಹಾಕಿ."

"ತಡೀರಿ ಬುದ್ಧಿ, ಅವಳನ್ನೇ ಕೇಳೋಣ" ಅಂದಳು ಹೊಂಬಾಳಮ್ಮ.

ಕೇಳಿದ್ದು ಬಾಲದ ಹತ್ತಿರ. ತಲೆ ಕಾಡಲ್ಲಿ. ಪ್ರಶ್ನೆ ಮೈಯೊಳಗೇ ನಡೆದುಕೊಂಡು ಹೋಯ್ತು. ಎಲ್ಲರೂ ಕಾದರು. ಉತ್ತರ ನಡೆದುಕೊಂಡು ವಾಪಸ್ ಬಂತು.

"ಹೊರಡೋ ಮಗಳು ಒಂದು ಹಿಡಿ ತವರಿಗೆ ಬಿಟ್ಟು ಹೋಗಬೇಕಲ್ವಾ? ನನಗೆ ಕೈಯಿಲ್ಲ. ಹಿಡಿ ಅಂದ್ರೆ ಎಷ್ಟು ಅಂತ ಗೊತ್ತಾಗಲಿಲ್ಲ. ಕಮ್ಮಿ ಆದೀತೇನೋ ಅಂತ ಎಲ್ಲಾ ಬಿಟ್ಟೆ."

ಆಳುಗಳು ಹಾರೆ ಕೆಳಗಿಟ್ಟರು. ರಾಜ ಪಲ್ಲಕ್ಕಿಯಿಂದ ಇಳಿದ. ಇಳಿದು ತಲೆ ಮೇಲಿನ ಪೇಟ ತೆಗೆದ. ಅವನಿಗೆ ಅಕ್ಕನ ನೆನಪಾಯ್ತು ಅಂತ ಕಾಣುತ್ತೆ, ಎಡಗಡೆ ತುಟಿ ಮೇಲೆ ಕೈಯಾಡಿಸಿಕೊಂಡ.

"ಅವ್ವ, ಸೆರಗು ಹಿಡಿ" ಅಂತು ಬಾಲ.

ಹೊಂಬಾಳಮ್ಮ ಬಗ್ಗಿ ಸೆರಗು ಒಡ್ಡಿದಳು. ಬಾಲ ಪೊರೆಯನ್ನ ಮೆಲ್ಲಗೆ ಎತ್ತಿ ಓರೆ ಮಾಡಿತು. ಅಕ್ಕಿ, ಬೆಲ್ಲ, ಕಾಯಿ ಎಲ್ಲಾ ಅವಳ ಮಡಿಲಿಗೆ ಬಂದು ಬಿದ್ದವು. ಬಾಲ ಹೊಸ್ತಿಲು ದಾಟಿತು.

ರಾಜ ಮೆಲ್ಲಗೆ ಕೇಳಿದ, "ನಿನ್ನ ಮಡಿಲು ತುಂಬಿದೆಯಲ್ಲಮ್ಮ, ನಿನ್ನ ತವರು ಯಾವುದು?"

ಹೊಂಬಾಳಮ್ಮ ಮಡಿಲಿಂದ ಒಂದು ಹಿಡಿ ಅಕ್ಕಿ ತೆಗೆದಳು. ಹಾವು ಹೋದ ದಾರಿ ಮೇಲೆ ಹಾಕಿ, ಕಾಡಿನ ಕಡೆ ಕೈ ತೋರಿಸಿದಳು.

ಇದರಿಂದ ತಿಳಿಯೋದೇನು? ಹಾವು ಬಂದರೆ ದೊಣ್ಣೆ ಹುಡುಕಬೇಡಿ, ಗುಡಾಣದಲ್ಲಿ ಅಕ್ಕಿ ಇದೆಯಾ ನೋಡಿಕೊಳ್ಳಿ. ಹಾವು ಕಾಡು ಸೇರಿತು, ಕತೆ ನಿಮ್ಮ ಮಡಿಲು ಸೇರಿತು. ಅದರಲ್ಲಿ ಒಂದು ಹಿಡಿ ನನಗೆ ವಾಪಸ್ ಹಾಕಿ, ಎದ್ದು ಹೋಗಿ.