ಹಸಿದ ಇದ್ದಿಲು

ಹಿರಿಯರ ಹಿರಿಯರಿಗೂ ಲೆಕ್ಕ ಸಿಗದಷ್ಟು ಹಿಂದೆ, ಕಾರೆಹಟ್ಟಿ ಅಂತ ಒಂದು ಊರು. ಆ ಊರ ಕೆರೆಯ ಕೆಳಗೆ ಒಂದು ಗದ್ದೆ. ಗುಳ್ಳೆಗದ್ದೆ ಅಂತಿದ್ದರು. ಕಾಲಿಟ್ಟರೆ ಕೆಸರಿನಿಂದ ಬುಳುಬುಳು ಗುಳ್ಳೆ ಏಳುವುದು, ಕೊಳೆತ ನಾತ ಬರುವುದು. ಗುಳ್ಳೆಗೆ ಕೊಳ್ಳಿ ಹಿಡಿದರೆ ನೀಲಿ ಉರಿ ಹತ್ತುತ್ತಿತ್ತಂತೆ. ದೆವ್ವದ ಉಸಿರು ಅಂತ ಜನ ಆ ಕಡೆ ಹೋಗುತ್ತಿರಲಿಲ್ಲ.

ಇದ್ದಿಲು ಸುಡುವ ಪಾಲಯ್ಯ, ಅವನ ಹೆಂಡತಿ ಓಬಕ್ಕ ಕಾಡಂಚಿನಲ್ಲಿ ಇದ್ದರು. ಈ ವರ್ಷ ಈ ಕಾಡು, ಬರುವ ವರ್ಷ ಆ ಕಾಡು. ಓಬಕ್ಕನಿಗೆ ಸಾಕಾಗಿತ್ತು. ಒಂದು ಕಡೆ ಒಲೆ ಹೂಡಬೇಕು ಅಂದಳಂತೆ. ಪಾಲಯ್ಯ ಊರಗೌಡನ ಮುಂದೆ ಹೋಗಿ ನಿಂತ. ಗೌಡ ಗುಳ್ಳೆಗದ್ದೆ ತೋರಿಸಿದ. ಮೂರು ಸಲ ನೆಡಿ, ಒಂದು ಸಲವಾದರೂ ಭತ್ತ ಕಣಕ್ಕೆ ಬಂದರೆ ಗದ್ದೆ ನಿಮ್ಮದು, ಬರದಿದ್ದರೆ ಊರಗಡಿ ದಾಟಿ ಅಂದನಂತೆ.

ಮೊದಲ ನಾಟಿ ಬೇರು ಕೊಳೆತು ಹೋಯಿತು.

ಪಾಲಯ್ಯನಿಗೆ ಒಂದು ಗೊತ್ತಿತ್ತು. ಹಳೇ ಇದ್ದಿಲಗೂಡು ಇದ್ದ ಜಾಗಕ್ಕೆ ಮಳೆ ಬಿದ್ದರೆ ಹುಲ್ಲು ಸೊಂಟಕ್ಕೆ ಬರುತ್ತದೆ. ಅದನ್ನೇ ನಂಬಿ ಇದ್ದಿಲು ಕುಟ್ಟಿ, ಕುಕ್ಕೆಗಟ್ಟಲೆ ಹೊತ್ತು ಗದ್ದೆಗೆ ಸುರಿದ. ಎರಡನೇ ನಾಟಿ ಅರಿಸಿನದ ಹಾಗೆ ಹಳದಿಯಾಯಿತು. ಪಾಲಯ್ಯ ಗದ್ದೆಗೆ ಕಾಡಿಗೆ ಹಚ್ಚಿದ, ಅರಿಸಿನವೂ ಆಯ್ತು, ಇನ್ನು ಮದುವೆ ಯಾವಾಗ ಅಂತ ಊರು ನಕ್ಕಿತು.

ಪಾಲಯ್ಯ ಗುದ್ದಲಿ ಬಿಸಾಕಿ ಬದುವಿನ ಮೇಲೆ ಕೂತ. ಓಬಕ್ಕ ಕುಕ್ಕೆಯಲ್ಲಿ ಉಳಿದಿದ್ದ ಒಂದು ಚೂರು ತೆಗೆದು ನಾಲಿಗೆಗೆ ಇಟ್ಟಳು. ಅಂಟಿಕೊಂಡಿತು.

“ಅಲ್ಲ ಕಣಯ್ಯ,” ಅಂದಳಂತೆ, “ಆಳಿಗೆ ಅಂಬಲಿ ಹಾಕದೆ ಯಾರಾದರೂ ಗದ್ದೆಗೆ ಇಳಿಸ್ತಾರಾ? ಇದರ ಮೈಯೆಲ್ಲ ತೂತು, ತೂತೆಲ್ಲ ಹೊಟ್ಟೆ. ಹಸಕೊಂಡು ಬಂದಿದೆ. ಪೈರಿನ ಪಾಲು ಇದೇ ಉಂಡಿತು.”

ಆ ಸೀಮೆಯಲ್ಲಿ ಆಳು ಮೊದಲು ಉಣ್ಣಬೇಕು, ಆಮೇಲೆ ಗುದ್ದಲಿ ಹಿಡಿಯಬೇಕು. ಇದ್ದಿಲಿಗೆ ಉಣ್ಣಿಸುವುದು ಯಾರಿಗೂ ಹೊಳೆದಿರಲಿಲ್ಲ.

ಗುಂಡಿ ತೋಡಿದರು. ಇದ್ದಿಲು ಹಾಕಿ ಸಗಣಿ, ಗಂಜಲ, ಹುಳಿ ಅಂಬಲಿ ಸುರಿದರು. ಹಾಗಿದ್ದೂ ಮೂಗು ಮುಚ್ಚಬೇಕಾಗಲಿಲ್ಲವಂತೆ. ನಾತವನ್ನೂ ಇದ್ದಿಲು ನುಂಗಿತಂತೆ. ಎರಡು ಹುಣ್ಣಿಮೆ ಕಳೆದ ಮೇಲೆ ತೆಗೆದು ನೋಡಿದರೆ, ಚೂರು ಚೂರಿಗೂ ಬಿಳಿ ನೂಲಿನಂಥ ಬೂಷ್ಟು. ಒಕ್ಕಲು ಬಂತು ಅಂದಳಂತೆ ಓಬಕ್ಕ. ತೂತಿಗೊಂದು ಸಂಸಾರ, ಕಣ್ಣಿಗೆ ಕಾಣದ ಜನ, ನಮ್ಮ ಹಾಗೇ ಜಾಗ ಹುಡುಕಿ ಬಂದವರು ಅಂದಳಂತೆ.

ಮೂರನೇ ನಾಟಿಗೆ ಅದನ್ನು ಹಾಕಿದರು. ಪೈರು ಕಪ್ಪು ಹಸಿರು ತಿರುಗಿತು. ತೊಡೆಮಟ್ಟ ಬರುವ ಹೊತ್ತಿಗೆ ಓಬಕ್ಕನಿಗೆ ಜ್ವರ ಬಂತು. ಮೂರು ದಿನ. ಹೋದಳು. ನಾಲ್ಕನೇ ದಿನ ಪಾಲಯ್ಯ ಗದ್ದೆಗೆ ನೀರು ಕಟ್ಟಿದ. ಅಷ್ಟೇ ಹೇಳುತ್ತಾರೆ.

ತೆನೆ ಹಾಲು ತುಂಬುವಾಗ ಗೌಡ ಬಂದು ಕೆಸರಿಗೆ ಕಾಲೂರಿದನಂತೆ. ನೂರು ಗುಳ್ಳೆ ಏಳುವ ಕಡೆ ನಾಲ್ಕೆದ್ದವಂತೆ. ಭತ್ತ ಕಣಕ್ಕೆ ಬಂತು. ಹನ್ನೆರಡು ಗಾಡಿ ಅನ್ನುವವರಿದ್ದಾರೆ, ನಲವತ್ತು ಅನ್ನುವವರೂ ಇದ್ದಾರೆ. ಗದ್ದೆ ನಿನ್ನದು ಪಾಲಯ್ಯ ಅಂದ ಗೌಡ.

“ಅವಳದು ಅನ್ನಿ,” ಅಂದ ಪಾಲಯ್ಯ.

ಸತ್ತವಳಿಗೆ ಗದ್ದೆ ಕೊಡುವುದು ಹ್ಯಾಗೆ ಅಂತ ಹಿರಿಯರು ಕೇಳಿದರಂತೆ. ಪಾಲಯ್ಯ ಕಣದಲ್ಲೇ ಕೂತ. ಕಣ ಬಿಟ್ಟು ಏಳಲಿಲ್ಲ. ಮರುದಿನವೂ ಅಲ್ಲೇ ಕೂತಿದ್ದ. ಕಡೆಗೆ ಗೌಡನೇ, ಇದು ಓಬಕ್ಕನ ಗದ್ದೆ ಅಂತ ಊರಿಗೆಲ್ಲ ಕೇಳುವಂತೆ ಹೇಳಿದ.

ಈಗಲೂ ಕಾರೆಹಟ್ಟಿಯಲ್ಲಿ ಉಣ್ಣಿಸಿಟ್ಟ ಇದ್ದಿಲನ್ನು ಗುಂಡಿಯಿಂದ ತೆಗೆಯುವ ದಿನ ಮನೆಯ ಗಂಡಸು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, “ಓಬಕ್ಕ, ಉಂಡ್ಯಾ?” ಅಂತ ಕೇಳುತ್ತಾನೆ. ಆಮೇಲೆ ಗುದ್ದಲಿ ಹಾಕುತ್ತಾರೆ.